ಅಡ್ಡಬಲ, ಅಂತಸ್ತಿನ ಹಲಗೆ ಮತ್ತು ಗಣಕಯಂತ್ರ

ಮೇಲಿನ ಭಾರವನ್ನು ಕೆಳಗೆ ಇಳಿಸುವ ಕಂಬ, ತೊಲೆ, ಗೋಡೆಗಳ ಜೋಡಣೆಯೇ ಕಟ್ಟಡವೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಕಟ್ಟಡದ ಮೇಲೆ ಪಕ್ಕದಿಂದಲೂ ಬಲ ಬೀಳುತ್ತದೆ. ಬಿರುಗಾಳಿ ಗೋಡೆಯನ್ನು ನೂಕುತ್ತದೆ. ಭೂಕಂಪದಲ್ಲಿ ನೆಲವೇ ಸರಿಯುತ್ತದೆ. ನಿಂತ ಬಸ್ಸು ಫಕ್ಕನೆ ಹೊರಟಾಗ ಒಳಗೆ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ? ಹಾಗೆಯೇ ತಳಪಾಯ ಸರಿದಾಗ ಮೇಲಿನ ಅಂತಸ್ತು ಜಡತ್ವದಿಂದ ಇದ್ದಲ್ಲೇ ಉಳಿಯಲು ನೋಡುತ್ತದೆ. ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂಬ ನಿಯಮವನ್ನು ನೀವು ಓದಿದ್ದೀರಿ. ಆದುದರಿಂದ ಅಂತಸ್ತು ಭಾರವಾದಷ್ಟೂ ಅಡ್ಡಬಲ ಹೆಚ್ಚು. ಈ ಬಲ ಕಂಬ, ಗೋಡೆಗಳಿಗೆ ಹೇಗೆ ಹಂಚಿಹೋಗುತ್ತದೆ? ಅದನ್ನು ಗಣಕಯಂತ್ರಕ್ಕೆ ಹೇಗೆ ತಿಳಿಸಬೇಕು? ಇದೇ ಈ ಪಾಠದ ವಿಷಯ.

ಹಲಗೆಯ ಕೆಲಸ

ಬಲವನ್ನು ಹಂಚುವ ಕೆಲಸ ಅಂತಸ್ತಿನ ಕಾಂಕ್ರೀಟು ಸ್ಲ್ಯಾಬಿನದು. ಎಂಜಿನಿಯರರು ಈ ಕೆಲಸ ಮಾಡುವ ಸ್ಲ್ಯಾಬಿಗೆ ‘ಡಯಾಫ್ರಾಮ್’ ಎನ್ನುತ್ತಾರೆ. ಜೀವಶಾಸ್ತ್ರದಲ್ಲಿ ಎದೆ ಮತ್ತು ಹೊಟ್ಟೆಗಳ ನಡುವಣ ವಪೆಗೂ ಇದೇ ಹೆಸರುಂಟು. ನಾವು ಇಲ್ಲಿ ‘ಹಲಗೆ’ ಎಂದು ಕರೆಯೋಣ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನೋಟುಪುಸ್ತಕದ ದಪ್ಪ ರಟ್ಟಿನ ಎರಡು ಅಂಚುಗಳನ್ನು ಹಿಡಿದು ಒಂದರತ್ತ ಇನ್ನೊಂದನ್ನು ಮೆಲ್ಲಗೆ ನೂಕಿರಿ. ರಟ್ಟು ಸುಲಭವಾಗಿ ಮಣಿಯದು; ಒಂದು ಕೈಯ ಬಲ ಇನ್ನೊಂದು ಕೈಗೆ ತಲುಪುತ್ತದೆ. ಕರವಸ್ತ್ರವನ್ನು ಹಾಗೆಯೇ ನೂಕಿದರೆ ಅದು ಮುದುಡಿಹೋಗುತ್ತದೆ. ಕಾಂಕ್ರೀಟು ಸ್ಲ್ಯಾಬು ರಟ್ಟಿನಂತೆ. ತಗಡಿನ ಹೊದಿಕೆ, ಬಿಡಿ ಹಲಗೆಗಳ ಅಟ್ಟ ಬಹುಮಟ್ಟಿಗೆ ಕರವಸ್ತ್ರದಂತೆ.

ಒಂದು ಲೆಕ್ಕ

20 ಮೀಟರ್ ಉದ್ದದ ಒಂದು ಸಭಾಂಗಣವಿದೆ. ಎರಡು ತುದಿಗಳಲ್ಲಿ ಒಂದೊಂದು, ನಡುವೆ ಒಂದು, ಹೀಗೆ ಮೂರು ಅಡ್ಡ ಚೌಕಟ್ಟುಗಳು. ತುದಿಯ ಚೌಕಟ್ಟುಗಳಲ್ಲಿ ಗೋಡೆಗಳಿರುವುದರಿಂದ ಅವುಗಳ ಬಿಗಿತ 2, ನಡುವಿನದರ ಬಿಗಿತ 1 ಎಂದಿರಲಿ. ಛಾವಣಿಯ ಉದ್ದಕ್ಕೂ ಸಮನಾಗಿ ಹರಡಿದ ಅಡ್ಡಬಲ ಒಟ್ಟು 120 ಕಿಲೋನ್ಯೂಟನ್.

ಛಾವಣಿ ಬಿಗಿಯಾದ ಹಲಗೆಯಾದರೆ ಮೂರು ಚೌಕಟ್ಟುಗಳೂ ಒಂದೇ ಅಳತೆಯಷ್ಟು ಸರಿಯಲೇಬೇಕು. ಆಗ ಬಲ ಬಿಗಿತಕ್ಕೆ ತಕ್ಕಂತೆ 48, 24, 48 ಎಂದು ಹಂಚಿಹೋಗುತ್ತದೆ. ಛಾವಣಿ ಸಡಿಲವಾದರೆ ಪ್ರತಿ ಚೌಕಟ್ಟೂ ತನ್ನ ಅಕ್ಕಪಕ್ಕದ ಪಾಲನ್ನು ತಾನೇ ಹೊರಬೇಕು. ಆಗ ಹಂಚಿಕೆ 30, 60, 30.

ನಡುವಿನ ಚೌಕಟ್ಟನ್ನು ಗಮನಿಸಿ. ನಿಜವಾಗಿ ತಗಡಿನ ಛಾವಣಿ ಇರುವಲ್ಲಿ ‘ಬಿಗಿ ಹಲಗೆ’ ಎಂದು ಬರೆದುಕೊಟ್ಟರೆ, ಗಣಕಯಂತ್ರ ಅದನ್ನು ನಂಬಿ 24 ಎಂದು ಉತ್ತರ ಕೊಡುತ್ತದೆ. ಬಿರುಗಾಳಿಯ ದಿನ ಆ ಚೌಕಟ್ಟಿನ ಮೇಲೆ ಬೀಳುವುದು 60ರ ಹತ್ತಿರ. ಯಂತ್ರದ ಗುಣಾಕಾರದಲ್ಲಿ ತಪ್ಪಿಲ್ಲ. ನಾವು ಹೇಳಿದ ಮಾತೇ ಸುಳ್ಳು.

ಗಣಕಯಂತ್ರಕ್ಕೆ ಹೇಳುವ ಬಗೆ

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ವಿಲ್ಸನ್ ಮತ್ತು ಸಂಗಡಿಗರು 1972ರಲ್ಲಿ ‘ಟ್ಯಾಬ್ಸ್’, 1975ರಲ್ಲಿ ‘ಈಟ್ಯಾಬ್ಸ್’ ಎಂಬ ಕ್ರಮವಿಧಿಗಳನ್ನು ರಚಿಸಿದರು. ಅಂದಿನ ಯಂತ್ರಗಳ ಸ್ಮೃತಿ ಬಹಳ ಕಿರಿದು. ಒಂದು ಅಂತಸ್ತಿನಲ್ಲಿ 50 ಸಂಧಿಗಳಿದ್ದರೆ ಮಟ್ಟಸ ದಿಕ್ಕಿನ ಚಲನೆಗಳೇ, ಸಂಧಿಗೆ ಮೂರರಂತೆ, 150. ಹಲಗೆ ಬಿಗಿ ಎಂದು ಭಾವಿಸಿದರೆ ಉಳಿಯುವುದು ಮೂರೇ: ಉದ್ದಕ್ಕೆ ಸರಿಯುವುದು, ಅಡ್ಡಕ್ಕೆ ಸರಿಯುವುದು, ತಿರುಗುವುದು. ಇಂದು ಯಂತ್ರಗಳು ದೊಡ್ಡವಾಗಿವೆ. ಆದರೂ ಈ ಉಪಾಯ ಬಳಕೆಯಲ್ಲಿದೆ.

ಬಳಸುವ ಕ್ರಮ ಹೀಗೆ:

1. ಅಂತಸ್ತಿನ ಸಂಧಿಗಳನ್ನು ಒಂದು ಹಲಗೆಗೆ ಸೇರಿಸಿ ಹೆಸರು ಕೊಡಬೇಕು. ಕಟ್ಟಡದ ಎರಡು ಭಾಗಗಳ ನಡುವೆ ಸಂದು ಬಿಟ್ಟಿದ್ದರೆ ಎರಡು ಹಲಗೆ, ಎರಡು ಹೆಸರು. ಒಂದೇ ಹೆಸರು ಕೊಟ್ಟರೆ ಇಲ್ಲದ ಬೆಸುಗೆಯನ್ನು ಯಂತ್ರ ಹಾಕಿಬಿಡುತ್ತದೆ.

2. ಹಲಗೆ ‘ಬಿಗಿ’ಯೋ ‘ಅರೆಬಿಗಿ’ಯೋ ಹೇಳಬೇಕು. ಅರೆಬಿಗಿ ಎಂದರೆ ಸ್ಲ್ಯಾಬಿನ ನಿಜವಾದ ದಪ್ಪ, ಸ್ಥಿತಿಸ್ಥಾಪಕತೆಗಳನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸ್ಲ್ಯಾಬು ಉದ್ದವಾಗಿ ಸಪೂರವಾಗಿದ್ದರೆ, ನಡುವೆ ದೊಡ್ಡ ತೆರಪಿದ್ದರೆ ಇದೇ ಮೇಲು.

3. ಬಿಗಿ ಹಲಗೆಯಾದರೆ ಭೂಕಂಪದ ಬಲವನ್ನು ಅದರ ದ್ರವ್ಯರಾಶಿ ಕೇಂದ್ರದಲ್ಲಿ ಕೊಡಬೇಕು. ಏಕೆಂದರೆ ಬಲ ಹುಟ್ಟುವುದು ದ್ರವ್ಯರಾಶಿಯಿಂದ. ಗಾಳಿಯ ಬಲವನ್ನಾದರೋ ಗಾಳಿಗೆ ಒಡ್ಡಿದ ಮುಖದ ನಡುವೆ ಕೊಡಬೇಕು.

4. ಭಾರ ಎಂದೂ ಕರಾರುವಾಕ್ಕಾಗಿ ನಡುವೆ ಇರದು. ಆದುದರಿಂದ ಭಾರತೀಯ ಮಾನಕ 1893ರ 2016ರ ಆವೃತ್ತಿಯಲ್ಲಿ, ಬಲಕ್ಕೆ ಲಂಬವಾದ ಅಳತೆಯ ನೂರಕ್ಕೆ 5ರಷ್ಟು ಆಕಸ್ಮಿಕ ಓರೆಯನ್ನು ಎರಡೂ ಕಡೆಗೆ ಹಿಡಿಯಲು ವಿಧಿಸಿದೆ. ನಮ್ಮ ಸಭಾಂಗಣಕ್ಕೆ ಬಿಗಿಯಾದ ಕಾಂಕ್ರೀಟು ಸ್ಲ್ಯಾಬು ಇದೆ, 120 ಕಿಲೋನ್ಯೂಟನ್ ಭೂಕಂಪದ ಬಲ ಎಂದುಕೊಳ್ಳಿ. ಓರೆ 1 ಮೀಟರ್. ತಿರುಚುವಿಕೆಯನ್ನು ತುದಿಯ ಎರಡು ಚೌಕಟ್ಟುಗಳೇ ತಡೆದರೆ, ಹಂಚಿಕೆ 54, 24, 42 ಆಗುತ್ತದೆ. ಓರೆ ಯಾವ ಕಡೆಗೂ ಇರಬಹುದಾದ್ದರಿಂದ ಎರಡೂ ತುದಿಗಳನ್ನು 54ಕ್ಕೆ ಕಟ್ಟಬೇಕು.

5. ಕೊನೆಗೆ ತಾಳೆ ನೋಡಬೇಕು. ಕೊಟ್ಟ ಅಡ್ಡಬಲಗಳ ಮೊತ್ತವೂ ತಳಪಾಯದ ಪ್ರತಿಕ್ರಿಯೆಗಳ ಮೊತ್ತವೂ ಒಂದೇ ಆಗಿರಬೇಕು.

ಇನ್ನೊಂದು ಎಚ್ಚರಿಕೆ. ಬಿಗಿ ಹಲಗೆಯೊಳಗೆ ಒಂದು ಸಂಧಿ ಇನ್ನೊಂದರಿಂದ ದೂರ ಸರಿಯಲಾರದು. ಹಾಗಾಗಿ ಅಲ್ಲಿನ ತೊಲೆಗಳಲ್ಲಿ ಉದ್ದದ ಎಳೆತ ಸೊನ್ನೆ ಎಂದು ಯಂತ್ರ ತೋರಿಸುತ್ತದೆ. ಅದನ್ನು ನಂಬಿ ಅಂಚಿನ ತೊಲೆಗಳ ಕಬ್ಬಿಣ ಕಡಿಮೆ ಮಾಡಬಾರದು.

ಕಿಲ್ಲಾರಿಯ ಪಾಠ

ನಮ್ಮ ಸೊಲ್ಲಾಪುರ ಸೀಮೆಗೆ ದೂರವಲ್ಲದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪವಾಯಿತು. ಮಲಗಿದ್ದ ಸಾವಿರಾರು ಜನ ಮಲಗಿದ್ದಲ್ಲೇ ಸತ್ತರು. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ 1ನೆಯ ವಲಯದಲ್ಲಿತ್ತು. ಮನೆಗಳಿಗೆ ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ. ತೊಲೆ, ಜಂತಿಗಳ ಮೇಲೆ ದಪ್ಪ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪಾದ ಆ ಮಾಳಿಗೆ ಬಲು ಭಾರ. ಆದ್ದರಿಂದ ಅಡ್ಡಬಲವೂ ಬಲು ದೊಡ್ಡದು. ಅದೋ ಗೋಡೆಗಳನ್ನು ಒಂದಾಗಿ ಹಿಡಿಯುವ ಹಲಗೆಯಾಗಿರಲಿಲ್ಲ. ಒಂದೊಂದು ಗೋಡೆಯೂ ಒಂಟಿಯಾಗಿ ಕುಸಿಯಿತು. ಗೋಡೆಗಳ ಸುತ್ತ ಪಟ್ಟಿ ಕಟ್ಟಿ, ಮಾಡನ್ನು ಗೋಡೆಗೆ ಬಿಗಿಯಬೇಕೆಂದು ಎಂಜಿನಿಯರರು ಒತ್ತಿ ಹೇಳುವುದು ಇದಕ್ಕಾಗಿಯೇ.

ಗಣಕಯಂತ್ರಕ್ಕೆ ಕಣ್ಣಿಲ್ಲ. ಮಾಡು ಕಾಂಕ್ರೀಟೋ ತಗಡೋ ಮಣ್ಣೋ ಎಂದು ನಾವೇ ನೋಡಿ ಹೇಳಬೇಕು. ನಿಮ್ಮಲ್ಲಿ ಮುಂದೆ ಎಂಜಿನಿಯರರಾಗುವವರು ಕೀಲಿಮಣೆಯ ಮೇಲೆ ಕೈಯಿಡುವ ಮೊದಲು ಕಟ್ಟಡವನ್ನು ಒಮ್ಮೆ ಹತ್ತಿ ಇಳಿದು ನೋಡಿರಿ.

ಅಭ್ಯಾಸ: ಮೇಲಿನ ಸಭಾಂಗಣದ ಬಲತುದಿಯ ಗೋಡೆಯನ್ನು ಬಾಗಿಲಿಗಾಗಿ ತೆಗೆದರು; ಅಲ್ಲಿನ ಬಿಗಿತ 1ಕ್ಕೆ ಇಳಿಯಿತು. ಬಿಗಿತದ ಕೇಂದ್ರ ಎಡತುದಿಯಿಂದ ಎಷ್ಟು ದೂರದಲ್ಲಿದೆ? (ಉತ್ತರ: 7.5 ಮೀಟರ್. ಛಾವಣಿ ಬಿಗಿ ಹಲಗೆಯಾಗಿದ್ದರೆ, ನಡುವೆ ಬಿದ್ದ ಬಲ ಈಗ ಕಟ್ಟಡವನ್ನು ತಿರುಚುತ್ತದೆ.)