ಮೈಕಟ್ಟು ಬದಲಾಗುತ್ತಾ ದೊಡ್ಡಮ್ಮ?

ಪುಟ್ಟೀ,

ನೀನು ಕೇಳಿದ್ದಕ್ಕೆ ಫೋನಿನಲ್ಲೇ ಹೂಂ ಅಥವಾ ಊಹೂಂ ಅಂತ ಹೇಳಿ ಮುಗಿಸೋಕೆ ಮನಸ್ಸು ಬರಲಿಲ್ಲ. ಊಟ ಬಿಗಿಹಿಡಿದು, ಜಿಮ್ಮಿನಲ್ಲಿ ಬೆವರು ಸುರಿಸಿದರೆ ಈ ಅಗಲ ಸೊಂಟ, ಈ ದಪ್ಪ ತೊಡೆ ಹೋಗಿ ಬೇರೆಯದೇ ಮೈಕಟ್ಟು ಬರುತ್ತಾ ಅಂತ ಕೇಳಿದೆ. ಸ್ವಲ್ಪ ಬರುತ್ತೆ, ಸ್ವಲ್ಪ ಬರೋದೇ ಇಲ್ಲ. ಯಾವುದು ಬರುತ್ತೆ, ಯಾವುದು ಬರೋದಿಲ್ಲ ಅಂತ ನಿನ್ನ ವಯಸ್ಸಿನಲ್ಲೇ ತಿಳಿದುಕೊಂಡರೆ ಎಷ್ಟೋ ವರ್ಷಗಳ ಸಂಕಟ ತಪ್ಪುತ್ತೆ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ಮಕ್ಕಳನ್ನು ಓಡಿಸಿ, ಥ್ರೋಬಾಲ್ ಆಡಿಸಿ, ಅವರ ಮೈ ಬೆಳೆಯೋದನ್ನು ಕಣ್ಣಾರೆ ಕಂಡವಳು ನಾನು. ಅದಕ್ಕೇ ಕೂತು ಬರೀತಿದ್ದೀನಿ.

ಮೊದಲು ಎಲುಬು. ಭುಜ ಎಷ್ಟು ಅಗಲ ಅನ್ನೋದನ್ನು ಕತ್ತಿನ ಬುಡದ ಅಡ್ಡ ಎಲುಬಿನ ಉದ್ದ ತೀರ್ಮಾನಿಸುತ್ತೆ. ಸೊಂಟ ಎಷ್ಟು ಅಗಲ ಅನ್ನೋದನ್ನು ಸೊಂಟದ ಎಲುಬುಗೂಡು. ಬೆಳೆಯೋ ಮಕ್ಕಳ ಎಲುಬಿನ ತುದಿಯಲ್ಲಿ ಮೆತ್ತಗಿನ ಒಂದು ಪದರ ಇರುತ್ತೆ, ಎಲುಬು ಉದ್ದವಾಗೋದು ಅಲ್ಲಿಂದಲೇ. ಹದಿಹರೆಯ ಕಳೆದು ಇಪ್ಪತ್ತು ದಾಟುವ ಹೊತ್ತಿಗೆ ಹೆಚ್ಚಿನ ಎಲುಬುಗಳಲ್ಲಿ ಅದು ಗಟ್ಟಿಯಾಗಿ ಮುಚ್ಚಿಕೊಂಡುಬಿಡುತ್ತೆ. ಆಮೇಲೆ ಯಾವ ಆಸನವೂ, ಯಾವ ಪಥ್ಯವೂ ಆ ಅಗಲವನ್ನು ಒಂದು ಬೆರಳಷ್ಟೂ ಕಿರಿದು ಮಾಡಲಾರದು. ನಂಬಿಕೆ ಬರದಿದ್ದರೆ ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವಾಕೆಯ ಅಳತೆ ಪುಸ್ತಕ ತೆಗೆಸಿ ನೋಡು. ಮದುವೆಗೆ ಮುಂಚೆ ಬರೆದದ್ದು, ಬಾಣಂತನ ಆದ ಮೇಲೆ ಬರೆದದ್ದು, ಐವತ್ತು ದಾಟಿದ ಮೇಲಿನದು ಎಲ್ಲ ಒಂದೇ ಹೆಸರಿನ ಕೆಳಗೆ ಸಿಗುತ್ತೆ. ಎದೆ, ನಡು, ತೋಳಿನ ಸುತ್ತಳತೆಯನ್ನು ಹೊಡೆದುಹಾಕಿ ಮತ್ತೆ ಮತ್ತೆ ತಿದ್ದಿರ್ತಾಳೆ. ಶೋಲ್ಡರ್ ಅಂತ ಬರೆದ ಕಡೆ ಮಾತ್ರ ಹೆಚ್ಚುಕಮ್ಮಿ ಹಳೇ ಸಂಖ್ಯೆಯೇ ಇರುತ್ತೆ.

ಎರಡನೆಯದು ಕೊಬ್ಬು. ಅದನ್ನು ಕರಗಿಸಬಹುದು, ಆದರೆ ಎಲ್ಲಿಂದ ಕರಗಬೇಕು ಅಂತ ನಾವು ಆಜ್ಞೆ ಮಾಡೋಕಾಗಲ್ಲ. ಹೆಣ್ಣುಮಕ್ಕಳಿಗೆ ಮುಟ್ಟಾಗುವ ವಯಸ್ಸಿನಲ್ಲಿ ಈಸ್ಟ್ರೋಜನ್ ಹಾರ್ಮೋನು ಕೊಬ್ಬನ್ನು ಸೊಂಟಕ್ಕೂ ತೊಡೆಗೂ ಕಳಿಸುತ್ತೆ. ಮುಟ್ಟು ನಿಂತ ಮೇಲೆ ಅದೇ ಕೊಬ್ಬು ಹೊಟ್ಟೆ ಕಡೆಗೆ ತಿರುಗುತ್ತೆ. ಇದರ ಮೇಲೆ ಮನೆತನದ ಪಾಲೂ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ಕ್ಲೋಡ್ ಬುಶಾರ್ ಮತ್ತು ಸಂಗಡಿಗರು 12 ಜೊತೆ ತದ್ರೂಪಿ ಅವಳಿ ಹುಡುಗರಿಗೆ ವಾರಕ್ಕೆ ಆರು ದಿನದಂತೆ ಒಟ್ಟು 84 ದಿನ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚಾಗಿ ಉಣ್ಣಿಸಿದರು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಹೆಚ್ಚಿಗೆ ತಿಂದದ್ದು ಎಲ್ಲರೂ ಅಷ್ಟೇ. ಆದರೂ ಒಬ್ಬನ ತೂಕ ಏರಿದ್ದು 4.3 ಕಿಲೊ, ಇನ್ನೊಬ್ಬನದು 13.3 ಕಿಲೊ. ಅವಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಇಬ್ಬರದೂ ಬಹುಮಟ್ಟಿಗೆ ಒಂದೇ ಲೆಕ್ಕ. ಅಣ್ಣನಿಗೆ ಹೊಟ್ಟೆಯಲ್ಲಿ ಸೇರಿದರೆ ತಮ್ಮನಿಗೂ ಅಲ್ಲೇ. ನಿಮ್ಮಜ್ಜಿ, ನಾನು, ನಿಮ್ಮಮ್ಮ, ನೀನು ನಾಲ್ಕೂ ಜನ ಒಂದೇ ಫೋಟೋದಲ್ಲಿ ನಿಂತರೆ ಹಿಂದಿನಿಂದ ಯಾರು ಯಾರು ಅಂತ ಗುರುತು ಹತ್ತೋದಿಲ್ಲವಲ್ಲ, ಅದರ ಗುಟ್ಟು ಇದೇ.

ಹಾಗಾದರೆ ತೊಡೆಗೇ ಅಂತ ವ್ಯಾಯಾಮ ಮಾಡಿದರೆ ತೊಡೆಯ ಕೊಬ್ಬು, ಹೊಟ್ಟೆಗೇ ಅಂತ ಮಾಡಿದರೆ ಹೊಟ್ಟೆಯ ಕೊಬ್ಬು ಇಳಿಯಬೇಕಲ್ಲ ಅನ್ನೋದು ನಿನ್ನ ಮುಂದಿನ ಪ್ರಶ್ನೆ. ಇದನ್ನು ನೋಡೋಕೆ ಅಮೆರಿಕದ ಸಂಶೋಧಕರು 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳು ಅಳೆದರು. ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳಿನಲ್ಲಿ ಸ್ನಾಯು ದಪ್ಪಗಿತ್ತು. ಚರ್ಮದ ಕೆಳಗಿನ ಕೊಬ್ಬಿನ ಪದರ ಮಾತ್ರ ಎರಡೂ ತೋಳಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಮೈ ಕೊಬ್ಬನ್ನು ಖರ್ಚು ಮಾಡೋದು ರಕ್ತದ ಮೂಲಕ, ಇಡೀ ಮೈಯಿಂದ, ತನ್ನದೇ ಸರದಿಯಲ್ಲಿ. ಬಹಳಷ್ಟು ಹೆಂಗಸರಲ್ಲಿ ಮೊದಲು ಇಳಿಯೋದು ಮುಖ, ಎದೆ. ಕೊನೆಗೆ ಸೊಂಟ, ತೊಡೆ. ಈ ಸರದಿ ಗೊತ್ತಿಲ್ಲದೆ ಹುಡುಗಿಯರು ಸೊಂಟ ಇನ್ನೂ ಇಳಿದಿಲ್ಲ ಅಂತ ಊಟ ಇನ್ನಷ್ಟು ಕಡಿಮೆ ಮಾಡ್ತಾರೆ, ಕೆನ್ನೆ ಗುಳಿಬೀಳುತ್ತೆ, ಕಣ್ಣು ಒಳಗೆ ಹೋಗುತ್ತೆ, ಆದರೂ ಕನ್ನಡಿ ಮುಂದೆ ಸಮಾಧಾನ ಇಲ್ಲ. ಹೊಟ್ಟೆಗೆ ಬಿಗಿಯುವ ಬೆಲ್ಟು ಬಿಚ್ಚಿದ ಮೇಲೆ ಮೈ ಮೊದಲಿನ ಹಾಗೇ. ಅದಕ್ಕೆ ದುಡ್ಡು ಹಾಕಬೇಡ.

ಇನ್ನು ನಿನ್ನ ಕೈಯಲ್ಲಿರೋದರ ಮಾತು. ಅದು ಸ್ನಾಯು. ನಾಚಿಕೆಪಟ್ಟುಕೊಂಡು ಹೆಣ್ಣುಮಕ್ಕಳು ಬಿಟ್ಟುಕೊಟ್ಟಿರುವ ದೊಡ್ಡ ಆಸ್ತಿ ಅದು ಅಂತ ನನ್ನ ಅಭಿಪ್ರಾಯ. ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವರ್ಷದ ಹಣ್ಣುಹಣ್ಣು ಮುದುಕ ಮುದುಕಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು, ತೊಡೆಯ ಸ್ನಾಯು ಕೂಡ ತುಂಬಿಕೊಂಡಿತು. ಇದೂ 1990ರಲ್ಲೇ ಪ್ರಕಟವಾದದ್ದು. ತೊಂಬತ್ತಕ್ಕೆ ಬರೋದು ಇಪ್ಪತ್ತನಾಲ್ಕಕ್ಕೆ ಬರೋದಿಲ್ವೇ? ಬೆನ್ನು, ಭುಜ ಗಟ್ಟಿಯಾದರೆ ಸೊಂಟದ ಅಗಲ ಅಷ್ಟೇ ಇದ್ದರೂ ನಿಲುವು ಬೇರೆಯಾಗುತ್ತೆ. ಬೆನ್ನು ನೆಟ್ಟಗಾಗುತ್ತೆ, ನಡಿಗೆಗೆ ಬಿಗಿ ಬರುತ್ತೆ. ಮೈಕಟ್ಟು ಬದಲಾಯಿತು ಅಂತ ನೋಡಿದವರು ಹೇಳ್ತಾರೆ, ಅದು ಸುಳ್ಳೂ ಅಲ್ಲ.

ಆದರೆ ಇದಕ್ಕೂ ಹುಟ್ಟಿನ ಎಲ್ಲೆ ಇದೆ. ಮೈಸೂರಿನ ಗರಡಿಮನೆಗಳನ್ನೇ ನೋಡು. ಒಂದೇ ಮಟ್ಟಿಯ ಮಣ್ಣು, ಒಬ್ಬರೇ ಉಸ್ತಾದರು, ಅದೇ ದಂಡ, ಅದೇ ಬಸ್ಕಿ, ಅದೇ ಹಾಲು ಬಾದಾಮಿ. ದಸರಾ ಕುಸ್ತಿಗೆ ಹೊರಟು ನಿಂತಾಗ ಒಬ್ಬನದು ಕಂಬದಂಥ ಮೈ, ಇನ್ನೊಬ್ಬ ಕುಳ್ಳಗೆ ಗುಂಡಗೆ, ಮತ್ತೊಬ್ಬನ ಮೈಯಲ್ಲಿ ನರ ಎಣಿಸಬಹುದು. ಮೂವರೂ ಪೈಲ್ವಾನರೇ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ದೊಡ್ಡ ಅಂಗಸಾಧಕರು ಅನ್ನೋದು ನಿಮ್ಮ ಪೀಳಿಗೆಗೆ ಅಷ್ಟಾಗಿ ಗೊತ್ತಿಲ್ಲ. 1930ರಲ್ಲೇ ‘ಮಸಲ್ ಕಲ್ಟ್’ ಅಂತ ಪುಸ್ತಕ ಬರೆದವರು ಅವರು. ಭಾರ ಎತ್ತೋದನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೇ ಕಲಿಸಿದರು. ಅಂಥ ಗುರುವಿನ ಕೈಯಲ್ಲಿ ಪಳಗಿದವರೂ ತಂತಮ್ಮ ಎಲುಬಿನ ಮೇಲೇ ಮೈ ಕಟ್ಟಬೇಕು, ಅಯ್ಯರ್ ಅವರ ಎಲುಬನ್ನು ಎರವಲು ತರೋಕಾಗಲ್ಲ.

ಈಗ ನಿನಗೆ ಆಶ್ಚರ್ಯ ಆಗುವ ಮಾತೊಂದು. ನಮ್ಮ ಮನೆಯಲ್ಲಿ ನನಗೆ ಚಿಂತೆ ಇರೋದು ನಿನ್ನದಲ್ಲ, ನಿನ್ನ ತಮ್ಮನದು. ಏನು ತಿಂದರೂ ಮೈಗೆ ಹತ್ತಲ್ಲ, ಪುಣ್ಯವಂತ ಅಂತ ಎಲ್ಲರೂ ಹೊಗಳುವ ಆ ಹುಡುಗನ ಕೈಕಾಲು ಕಡ್ಡಿ, ಅಂಗಿಯೊಳಗೆ ಮಾತ್ರ ಸಣ್ಣ ಹೊಟ್ಟೆ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅಂತ ವೈದ್ಯರಿದ್ದಾರೆ. ಅವರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ ಅವರೂ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರದು ಶೇಕಡ 9.1, ಯಾಜ್ಞಿಕ್ ಅವರದು ಶೇಕಡ 21.2! ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು: ನಮ್ಮ ಜನಕ್ಕೆ ಇದು ಬಹಳ ಸಾಮಾನ್ಯ, ಬೇರು ಇರೋದು ತಾಯಿಯ ಹೊಟ್ಟೆಯಲ್ಲೇ. ಪುಣೆ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಅಳೆದಾಗ, ಇಂಗ್ಲೆಂಡಿನ ಕೂಸುಗಳಿಗಿಂತ ಅವು ತೂಕದಲ್ಲಿ ಬಹಳ ಕಡಿಮೆ, ಸ್ನಾಯುವಿನಲ್ಲೂ ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯೂ ಈ ಕಥೆಯಲ್ಲಿದೆ. ಅಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ಹಾಗೆ ಹುಟ್ಟಿ ದೊಡ್ಡವರಾದವರನ್ನು ಊರಲ್ಲಿ ಹುಡುಕಿ ಪರೀಕ್ಷೆ ಮಾಡಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಅದು 1996ರಲ್ಲಿ ಪ್ರಕಟವಾಗಿ ಪ್ರಪಂಚದ ವೈದ್ಯರೆಲ್ಲ ಓದಿದರು.

ನೀನು ಅಷ್ಟು ಶಪಿಸುವ ಸೊಂಟ ತೊಡೆಯ ಕೊಬ್ಬು ಚರ್ಮದ ಕೆಳಗೆ ತೆಪ್ಪಗಿರುತ್ತೆ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೆ ಅದರಿಂದ ಅಂಥ ಕುಮ್ಮಕ್ಕಿಲ್ಲ. ಹೊಟ್ಟೆಯ ಒಳಗೆ, ಕರುಳು ಪಿತ್ತಜನಕಾಂಗದ ಸುತ್ತ ಕೂರುವ ಕೊಬ್ಬೇ ಕೇಡು. ಒಳ್ಳೆಯ ಸುದ್ದಿ ಅಂದರೆ, ದಿನಾ ಬಿರುಸಾಗಿ ನಡೆದರೆ, ತಿನ್ನೋದರಲ್ಲಿ ಹಿಡಿತ ಇದ್ದರೆ ಚೆನ್ನಾಗಿ ಕರಗೋದೂ ಅದೇ. ಅದಕ್ಕೇ ತೂಕದ ಯಂತ್ರ ಬಿಟ್ಟು ಟೇಪು ಹಿಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ಮಧ್ಯೆ, ಹೊಟ್ಟೆ ಒಳಗೆಳೆದುಕೊಳ್ಳದೆ, ಉಸಿರು ಬಿಟ್ಟು ಅಳೆಯಬೇಕು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಅಂತ ವೈದ್ಯರ ಲೆಕ್ಕ. ನಿಮ್ಮಪ್ಪನಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ ಬಂದಿರೋದರಿಂದ ನಿನ್ನ ತಮ್ಮ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಲೇಬೇಕು, ತೆಳ್ಳಗಿದ್ದೀನಿ ಅನ್ನೋ ನೆಪ ಕೇಳಬೇಡ. ಬೇಗ ಮೈ ಬರುತ್ತೆ ಅಂತ ಜಿಮ್ಮಿನಲ್ಲಿ ಯಾರಾದರೂ ಇಂಜೆಕ್ಷನ್ ತೋರಿಸಿದರೆ ಅಲ್ಲಿಂದ ಎದ್ದು ಬರೋಕೆ ಹೇಳು. ಸ್ಟೆರಾಯ್ಡ್ ಗಂಡಸರ ಬೀಜವನ್ನೇ ಕುಗ್ಗಿಸುತ್ತೆ, ಹೃದಯಕ್ಕೂ ಹೊಡೆತ.

ನಿನಗೆ ನನ್ನ ಎಚ್ಚರಿಕೆ ಬೇರೆ. ಉಪವಾಸ ಬಿದ್ದು ತಿಂಗಳಲ್ಲಿ ಇಳಿಸೋ ಹುಚ್ಚಿಗೆ ಹೋಗಬೇಡ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿಗೆ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು, ಅವರು ಒಪ್ಪಿದ ಮೇಲೆಯೇ, 24 ವಾರ ಅರೆಹೊಟ್ಟೆಯಲ್ಲಿಟ್ಟರು. ಮೈತೂಕದ ಕಾಲುಭಾಗ ಹೋಯಿತು. ಜೊತೆಗೆ ಉತ್ಸಾಹ, ಏಕಾಗ್ರತೆ, ನಗು ಎಲ್ಲ ಹೋಗಿ ಹಗಲಿರುಳೂ ಊಟದ್ದೇ ಧ್ಯಾನ. ಮತ್ತೆ ಹೊಟ್ಟೆತುಂಬ ತಿನ್ನೋಕೆ ಬಿಟ್ಟಾಗ ಸ್ನಾಯುವಿಗಿಂತ ಮುಂಚೆ ಮರಳಿ ಬಂದದ್ದು ಕೊಬ್ಬು, ಅದೂ ಮೊದಲಿದ್ದದ್ದಕ್ಕಿಂತ ಹೆಚ್ಚಾಗಿ. ಹೆಣ್ಣುಮಕ್ಕಳಿಗಂತೂ ಊಟ ಅತಿ ಕಡಿಮೆಯಾದರೆ ಮುಟ್ಟು ತಪ್ಪುತ್ತೆ, ಎರಡು ಮೂರು ತಿಂಗಳಾದ ಮೇಲೆ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರುತ್ತೆ, ಎಲುಬು ಸವೆಯುತ್ತೆ. ನನ್ನ ಟೀಮಿನಲ್ಲಿ ಚೆನ್ನಾಗಿ ಓಡ್ತಿದ್ದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಸುಸ್ತಾಗಿ ಕೂತಿದ್ದಳು, ತಿಂಡಿ ಡಬ್ಬಿ ಬ್ಯಾಗಿನಲ್ಲಿ ತೆರೆಯದೆ ಹಾಗೇ ಇತ್ತು. ಮುಟ್ಟಾಗಿ ಎಷ್ಟು ದಿನ ಆಯ್ತಮ್ಮ ಅಂತ ಕೇಳಿದ್ದಕ್ಕೆ ತಲೆ ತಗ್ಗಿಸಿದಳೇ ಹೊರತು ಉತ್ತರ ಬರಲಿಲ್ಲ. ಅವಳ ತೊಡೆ ದಪ್ಪ ಅಂತ ಯಾರೋ ನಕ್ಕಿದ್ದರಂತೆ, ಅಷ್ಟೇ ಕಾರಣ.

ಹಾಗಾದರೆ ಮಾಡೋದೇನು? ಬೆಳಗ್ಗೆ ಕುರ್ಚಿಯ ಮುಂದೆ ಬೆನ್ನು ತಿರುಗಿಸಿ ನಿಲ್ಲು. ಪಾದ ಭುಜದಷ್ಟು ಅಗಲ, ಕೈ ಎರಡೂ ಮುಂದಕ್ಕೆ. ಹಿಂಭಾಗವನ್ನು ಹಿಂದಕ್ಕೆ ತಳ್ಳುತ್ತಾ ಕೂರೋಕೆ ಹೋಗು, ಕುರ್ಚಿ ತಾಕಿದ ಕೂಡಲೇ ಎದ್ದೇಳು. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಕ್ಕೆ ವಾಲಬಾರದು. ಹತ್ತು ಸಲ ಮಾಡಿ, ಉಸಿರು ತಿರುಗಿಸಿಕೊಂಡು ಮತ್ತೆ ಹತ್ತು. ಸಲೀಸಾದ ಮೇಲೆ ಐದು ಕಿಲೊ ಅಕ್ಕಿ ಚೀಲವನ್ನು ಎದೆಗೆ ಅಪ್ಪಿಕೊಂಡು ಮಾಡು. ಗೋಡೆಗೆ ಕೈಯೂರಿ ದಂಡ ಶುರುಮಾಡು, ಬರಬರುತ್ತಾ ನೆಲಕ್ಕೆ ಇಳಿ. ಇಂಥ ಬಲದ ಕೆಲಸ ವಾರಕ್ಕೆ ಎರಡು ಮೂರು ದಿನ, ಉಳಿದಂತೆ ದಿನಾ ಅರ್ಧ ಗಂಟೆ ಬಿರುಸು ನಡಿಗೆ. ಇದಕ್ಕಿಂತ ದೊಡ್ಡ ಗುಟ್ಟು ಯಾವ ಜಿಮ್ಮಿನಲ್ಲೂ ಇಲ್ಲ.

ಊಟದಲ್ಲಿ ಅನ್ನ, ಮುದ್ದೆ ಬಿಡು ಅಂತ ನಾನು ಹೇಳೋದಿಲ್ಲ. ತಟ್ಟೆಯಲ್ಲಿ ಇಲ್ಲದ್ದನ್ನು ತರಬೇಕು, ಅಷ್ಟೇ. ನಿನ್ನಂಥ 60 ಕಿಲೊ ತೂಕದವಳಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಬೆಟ್ಟದಷ್ಟು ಅನ್ನ, ಅದರ ಮೇಲೆ ತಿಳಿಸಾರು ಸುರಿದು ಉಂಡರೆ ಬೇಳೆ ಪಾತ್ರೆಯ ತಳದಲ್ಲೇ ಉಳೀತು ನೋಡು. ಸಾರಿನ ತಳ ಕಲಕಿ ಬೇಳೆ ಬಡಿಸಿಕೋ, ಹೆಸರುಕಾಳು ಉಸಲಿ, ಕಡಲೆಕಾಳು, ಗಟ್ಟಿ ಮೊಸರು, ತಿನ್ನೋದಾದರೆ ಮೊಟ್ಟೆ. ಅನ್ನ ತಾನಾಗಿಯೇ ಅರ್ಧಕ್ಕಿಳಿಯುತ್ತೆ. ಆಫೀಸಿನ ಕಾಫಿಗಳಲ್ಲಿ ಸಕ್ಕರೆ ಬಿಟ್ಟರೂ ಸಾಕಷ್ಟು ಆಯಿತು. ಡಬ್ಬದ ಪ್ರೋಟೀನ್ ಪುಡಿ ನಿನಗೆ ಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರಲ್ಲಿ ಅಂಥ ಪುಡಿಗಳಿಂದ ದೂರ ಇರಿ ಅಂತಲೇ ಹೇಳಿದೆ.

ಆರು ತಿಂಗಳು ಹೀಗೆ ನಡೆಸಿದ ಮೇಲೆ ಸೊಂಟ ಎಷ್ಟಿಳಿಯಿತು ಅಂತ ನನಗೆ ಹೇಳಬೇಡ. ಮೂರನೇ ಮಹಡಿಗೆ ಸಿಲಿಂಡರ್ ಒಬ್ಬಳೇ ಏರಿಸಿದೆಯಾ, ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತಿದೆಯಾ, ರಾತ್ರಿ ತಲೆ ಇಟ್ಟ ಕೂಡಲೇ ನಿದ್ದೆ ಬರುತ್ತಾ, ಅದನ್ನು ಹೇಳು. ಸೊಂಟ ನಮ್ಮಮ್ಮನದೇ ಆಗಿ ಉಳಿದೀತು, ಉಳಿಯಲಿ.

ಮದುವೆ ಮಾತು ಶುರುವಾಗಿದೆ ಅಂತ ನಿಮ್ಮಮ್ಮ ಹೇಳಿದಳು. ನಿನ್ನ ಪ್ರಶ್ನೆಯ ಹಿಂದೆ ಅದೇ ಇದೆ ಅಂತ ನನಗೆ ಗೊತ್ತಾಗದೇ ಇಲ್ಲ. ಬಂದವರಲ್ಲಿ ಯಾರಾದರೂ ಹುಡುಗಿ ಸ್ವಲ್ಪ ಸಣ್ಣ ಆಗಬೇಕು ಅಂದರೆ ನೀನು ತಲೆ ತಗ್ಗಿಸಿ ಕೂರಬೇಡ, ಅವರಿಗೆ ಉತ್ತರ ಕೊಡೋ ಕಷ್ಟಕ್ಕೂ ಹೋಗಬೇಡ. ಆ ಹೊತ್ತಿಗೆ ನಾನು ಅಲ್ಲಿರ್ತೀನಿ. ಮನೆಯ ಹಿರಿಯಳಾಗಿ ಅವರ ಹತ್ತಿರ ಮಾತಾಡೋದು ನನ್ನ ಕೆಲಸ.

ನಿನ್ನ ದೊಡ್ಡಮ್ಮ