ಕುದ್ರುವಿನಿಂದ ನೇತ್ರಾಣಿಗೆ: ಬೋಧನಾಭ್ಯಾಸದ ಒಂದು ಪಾಠ

ಬಂಟ್ವಾಳ ತಾಲೂಕಿನ ಪ್ರೌಢಶಾಲೆಯೊಂದರ ಎಂಟನೇ ತರಗತಿಗೆ 'ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆ' ಘಟಕವನ್ನು ಬೋಧಿಸುವ ಅವಕಾಶ ನನಗೆ ಸಿಕ್ಕಿತು. ಅಭಯಾರಣ್ಯವೆಂದರೆ ದಟ್ಟ ಕಾಡು, ಹುಲಿ, ಆನೆ ಎಂದಷ್ಟೇ ಮಕ್ಕಳು ತಿಳಿದಿದ್ದರು. ಕಡಲ ನಡುವಿನ ಬಂಡೆ, ದ್ವೀಪಗಳೂ ವನ್ಯಜೀವಿಗಳಿಗೆ ಆಸರೆ ಎಂಬುದನ್ನು ಮನಗಾಣಿಸುವುದು ನನ್ನ ಉದ್ದೇಶವಾಗಿತ್ತು.

ಪೀಠಿಕೆ: "ನೇತ್ರಾವತಿಯ ಕುದ್ರುಗಳಲ್ಲಿ ಹಕ್ಕಿಗಳು ಯಾಕೆ ಸೇರುತ್ತವೆ?" ಎಂದು ಕೇಳಿದೆ. "ಅಲ್ಲಿಗೆ ನಾಯಿ, ಬೆಕ್ಕು ಹೋಗ್ಲಿಕ್ಕೆ ಆಗುದಿಲ್ಲ ಟೀಚರ್" ಎಂದ ಒಬ್ಬ ಹುಡುಗ. ಪಾಠದ ತಿರುಳೇ ಆ ಉತ್ತರದಲ್ಲಿತ್ತು. ಸುತ್ತಲಿನ ನೀರೇ ಅಲ್ಲಿ ಬೇಲಿ.

ವಿಷಯ ನಿರೂಪಣೆ: ಭೂಪಟದಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯನ್ನು ಗುರುತಿಸಿದೆವು. ಅಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ಸುತ್ತಲಿನ ನೀರಿನಲ್ಲಿ ಹವಳಗಳಿವೆ. ಆದರೆ ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು. ದೋಣಿಯ ಲಂಗರು ಬಿದ್ದರೆ ಹವಳ ಮುರಿಯುತ್ತದೆ. ಸರಕಿನೊಂದಿಗೆ ಒಂದು ಇಲಿ ಇಳಿದರೂ ಮೊಟ್ಟೆಗಳಿಗೆ ಅಪಾಯ.

ಬಳಿಕ ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಚಿತ್ರ ತೋರಿಸಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ಆದ ಕಲ್ಲುಕಂಬಗಳ ತುದಿಯಲ್ಲಿ ನಾನೇ ಕೈಚಾಚಿ ನಿಂತಿದ್ದ ಫೋಟೋ ಅದು. ಹಿಂದಿನ ಬೆಂಚಿನ ಹುಡುಗಿ, "ಟೀಚರ್, ನೀವು ಅಲ್ಲಿ ಹತ್ತಿದರೆ ಹಕ್ಕಿ ಎಲ್ಲಿ ಕೂತುಕೊಳ್ಳುದು?" ಎಂದಳು. ತರಗತಿ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ. "ಹತ್ತಬಾರದಿತ್ತು" ಎಂದು ಒಪ್ಪಿಕೊಂಡೆ.

ಮೌಲ್ಯಮಾಪನ: "ನೇತ್ರಾಣಿಯಲ್ಲಿ ಆಡುಗಳಿವೆ. ಅವು ಈಜಿ ಬಂದವೇ? ಮರದ ಸಸಿಗಳನ್ನು ಅವು ಮೇಯ್ದರೆ ಮುಂದೆ ಹದ್ದು ಎಲ್ಲಿ ಗೂಡು ಕಟ್ಟೀತು?" ಈ ಪ್ರಶ್ನೆಗಳಿಗೆ ಮಕ್ಕಳು ಗುಂಪಿನಲ್ಲಿ ಚರ್ಚಿಸಿ ಉತ್ತರಿಸಿದರು. ಹೊನ್ನಾವರದ ಅಪ್ಸರಕೊಂಡ-ಮುಗಳಿ ಕಡಲ ವನ್ಯಜೀವಿಧಾಮದ ಬಗ್ಗೆ ತಿಳಿದು ಬರುವುದನ್ನು ಗೃಹಕಾರ್ಯವಾಗಿ ಕೊಟ್ಟೆ.

ಅವಲೋಕನ: ಪಾಠದ ನಂತರ ಮೇಲ್ವಿಚಾರಕ ಗುರುಗಳು, "ಆ ಹುಡುಗಿಯ ಪ್ರಶ್ನೆ ನಿಮ್ಮ ಪಾಠಯೋಜನೆಯಲ್ಲೇ ಇರಬೇಕಿತ್ತು" ಎಂದರು. ಕಾಡಿನ ರಕ್ಷಣೆಗೆ ಬೇಲಿ ಹಾಕಬಹುದು, ಗಿಡ ನೆಡಬಹುದು. ಕಡಲ ಬಂಡೆಯ ರಕ್ಷಣೆಯಲ್ಲಿ ಮುಖ್ಯವಾದದ್ದು ನಾವು ಮಾಡದೆ ಬಿಡುವ ಕೆಲಸ: ಗೂಡಿನ ಸಮೀಪ ಹೋಗದಿರುವುದು, ಪ್ರಾಣಿಗಳನ್ನು ಒಯ್ದು ಬಿಡದಿರುವುದು, ಕಸ ಉಳಿಸದಿರುವುದು. 'ಮಾಡಬೇಕಾದ ಕ್ರಮಗಳು' ಎಂದು ಪಟ್ಟಿ ಬರೆಸುವ ಅಭ್ಯಾಸದಲ್ಲಿ ನಾನು ಇದನ್ನು ಮರೆತಿದ್ದೆ.

ಮರುದಿನ 'ಬಿ' ವಿಭಾಗದಲ್ಲಿ ಅದೇ ಫೋಟೋವನ್ನು ಪೀಠಿಕೆಗೇ ಬಳಸಿದೆ. ಕೇಳಿದ್ದು ಒಂದೇ ಪ್ರಶ್ನೆ: "ಈ ಚಿತ್ರದಲ್ಲಿ ತಪ್ಪೇನಿದೆ?"