ಒಂದು ದೀಪ ಹೆಚ್ಚಾದ ಲೆಕ್ಕ: ಸಮಮಿತಿ ಕಲಿಸಿದ ಅನುಭವದ ಪಾಠಗಳು

ಕೆ.ಆರ್. ಪೇಟೆಯ ಸುತ್ತಮುತ್ತ ಪದವಿ ತರಗತಿಗಳಿಗೆ ಭೌತಶಾಸ್ತ್ರ ಹೇಳಿಕೊಡುವವನು ನಾನು. ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಭಾನುವಾರ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ ಬರುತ್ತಾರೆ. ಪಠ್ಯದಲ್ಲಿಲ್ಲದ ಪ್ರಶ್ನೆಗಳೆಲ್ಲ ಹೊರಬೀಳುವುದು ಆ ದಿನವೇ. ಹಿಗ್ಸ್ ಕಣ, ಮುರಿದ ಸಮಮಿತಿ, ಅನಾಮಲಿ ಎಂಬ ಮಾತುಗಳನ್ನು ಯಾವುದೋ ವಿಡಿಯೊದಲ್ಲಿ ಕೇಳಿರುತ್ತಾರೆ. ಮೂರೂ ಒಂದೇ ಎಂದು ತಿಳಿದಿರುತ್ತಾರೆ. ಸಮಮಿತಿ ಇಲ್ಲವಾಗುವುದಕ್ಕೆ ಮೂರು ಬೇರೆ ಬೇರೆ ದಾರಿಗಳಿವೆ. ನಿಯಮದಲ್ಲೇ ಅದು ಇಲ್ಲದಿರಬಹುದು. ನಿಯಮದಲ್ಲಿದ್ದು ಸ್ಥಿತಿಯಲ್ಲಿ ಕಾಣದಿರಬಹುದು. ಕ್ವಾಂಟಂ ಲೆಕ್ಕಕ್ಕೆ ಇಳಿದೊಡನೆ ಉಳಿಯದೆ ಹೋಗಬಹುದು; ಇದಕ್ಕೇ ಅನಾಮಲಿ ಎನ್ನುವುದು. ಇವನ್ನು ಒಂದರೊಳಗೊಂದು ಬೆರೆಸದಂತೆ ಕಲಿಸುವುದೇ ನನ್ನ ಕೆಲಸ ಎಂದುಕೊಂಡಿದ್ದೇನೆ. ಈ ಸೀಮೆಯ ಬೇರೆ ಮೇಷ್ಟ್ರುಗಳಿಗೂ ಉಪಯೋಗಕ್ಕೆ ಬರಲಿ ಎಂದು ಬರೆದಿಟ್ಟ ಪಾಠಗಳಿವು.

1. ಏನು ಮಾಡಿದರೆ ಏನು ಬದಲಾಗುವುದಿಲ್ಲ ಎಂದು ಮೊದಲು ಹೇಳಿಸಿ

ಸಮಮಿತಿ ಎಂದರೆ ಚೆಂದ ಎನ್ನುವ ಭಾವನೆ ಮಕ್ಕಳಲ್ಲಿ ಗಟ್ಟಿಯಾಗಿದೆ. ಅದನ್ನು ಬಿಡಿಸಲು ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಗಿಂತ ಒಳ್ಳೆಯ ಜಾಗ ನಮ್ಮ ತಾಲ್ಲೂಕಿನಲ್ಲಿಲ್ಲ. 13ನೇ ಶತಮಾನದ ಹೊಯ್ಸಳ ತ್ರಿಕೂಟ ಅದು. ನವರಂಗದಲ್ಲಿ ನಿಲ್ಲಿಸಿ, "ಎಡ ಬಲ ಅದಲು ಬದಲು ಮಾಡಿದರೆ ಏನಾಗುತ್ತದೆ?" ಎಂದು ಕೇಳುತ್ತೇನೆ. ಗೋಡೆ, ಕಂಬಗಳ ನಕ್ಷೆ ಹಾಗೇ ಉಳಿಯುತ್ತದೆ. ಆದರೆ ವೇಣುಗೋಪಾಲ ಇದ್ದಲ್ಲಿಗೆ ಲಕ್ಷ್ಮೀನರಸಿಂಹ ಬರುತ್ತಾನೆ. ಹೊರಗೆ ಬಂದು ಮತ್ತೊಂದು ಪ್ರಶ್ನೆ: ನಡುವಿನ ಗರ್ಭಗುಡಿಯನ್ನು ಬದಿಯದರ ಜಾಗಕ್ಕೆ ತಿರುಗಿಸಿದರೆ? ಶಿಖರವಿರುವುದು ನಡುವಿನದಕ್ಕೆ ಮಾತ್ರ, ಆದ್ದರಿಂದ ಆ ಸಮಮಿತಿ ಇಲ್ಲ. ಯಾವ ಕ್ರಿಯೆ, ಯಾವುದರ ಮೇಲೆ ಎಂದು ಹೇಳದೆ "ಸಮಮಿತಿ ಇದೆ" ಎನ್ನುವ ಮಾತಿಗೆ ಅರ್ಥವೇ ಇಲ್ಲ ಎಂಬುದು ಅಲ್ಲೇ ಮನದಟ್ಟಾಗುತ್ತದೆ.

ಆಮೇಲೆ ಎಮ್ಮಿ ನೋಥರ್ 1918ರಲ್ಲಿ ಪ್ರಕಟಿಸಿದ ಪ್ರಮೇಯ. ನಿಯಮಗಳಲ್ಲಿರುವ ಒಂದೊಂದು ನಿರಂತರ ಸಮಮಿತಿಗೂ ಕರಗದೆ ಉಳಿಯುವ ಒಂದೊಂದು ಮೊತ್ತವಿದೆ. ಈ ಹೊತ್ತಿನ ನಿಯಮ ನಾಳೆಯೂ ಅದೇ ಆಗಿದ್ದರೆ ಶಕ್ತಿ ಉಳಿಯುತ್ತದೆ. ಮುಂದಿನ ಪಾಠಗಳೆಲ್ಲ ಈ ಪ್ರಮೇಯದ ಜೊತೆ ನಡೆಸುವ ಜಗಳ.

2. ಸ್ಥಿತಿ ಮುರಿದರೂ ನಿಯಮ ಮುರಿಯುವುದಿಲ್ಲ: ಇದನ್ನು ಕುಲುಮೆಯಲ್ಲಿ ತೋರಿಸಿ

ಪುಸ್ತಕಗಳು ಅಂಚು ಮಡಿಚಿದ ಟೋಪಿಯ ಚಿತ್ರ ಕೊಡುತ್ತವೆ. ನನ್ನ ಮಟ್ಟಿಗೆ ಅದು ಎರಡನೆಯ ದಿನಕ್ಕೆ. ಮೊದಲ ದಿನ ಮಚ್ಚು, ಕುಡುಗೋಲು ತಟ್ಟುವ ಕುಲುಮೆಗೆ ಕರೆದೊಯ್ಯಿರಿ. ಪಾಂಡವಪುರದ ಕಡೆ ಕಬ್ಬು ಕಡಿಯುವ ಹೊತ್ತಿನಲ್ಲಿ ಕುಲುಮೆ ಆರುವುದೇ ಇಲ್ಲ. ಆಚಾರ್ರನ್ನು ಕೇಳಿಕೊಂಡು ಒಂದು ದಪ್ಪ ಕಬ್ಬಿಣದ ಮೊಳೆಯನ್ನು ಕೆಂಪಗೆ ಕಾಯಿಸಿ. ಇಕ್ಕಳದಲ್ಲಿ ಹಿಡಿದ ಮೊಳೆಯ ಹತ್ತಿರಕ್ಕೆ, ತಂತಿಗೆ ಕಟ್ಟಿದ ಹಳೇ ಸ್ಪೀಕರಿನ ಅಯಸ್ಕಾಂತವನ್ನು ಇಳಿಬಿಟ್ಟರೆ ಸೆಳೆತವೇ ಇರುವುದಿಲ್ಲ. ಕೆಂಪು ಮಾಸುತ್ತಾ ಮೊಳೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಿತೋ ಇಲ್ಲವೋ, ಅಯಸ್ಕಾಂತ ಅದರತ್ತ ತಿರುಗುತ್ತದೆ. ಅಯಸ್ಕಾಂತವನ್ನು ಕಾದ ಮೊಳೆಗೆ ತಾಗಿಸಬೇಡಿ, ಬಿಸಿಗೆ ಅದರ ಬಲವೇ ಹೋಗುತ್ತದೆ. ಮಕ್ಕಳು ಎರಡು ಮಾರು ದೂರದಲ್ಲಿರಲಿ.

ಕಬ್ಬಿಣದ ಪರಮಾಣುಗಳ ನಡುವಿನ ನಿಯಮಕ್ಕೆ ಇಂಥದ್ದೇ ದಿಕ್ಕು ಎಂಬುದಿಲ್ಲ. ಬಿಸಿಯಲ್ಲೂ ಅದೇ ನಿಯಮ, ತಣ್ಣಗಾದಾಗಲೂ ಅದೇ. ತಣಿದ ಕಬ್ಬಿಣದ ಒಂದೊಂದು ಪುಟ್ಟ ಭಾಗವೂ ಯಾವುದೋ ಒಂದು ದಿಕ್ಕನ್ನು ಆರಿಸಿಕೊಂಡಿತು, ಅಷ್ಟೆ. ಇದೇ ಸ್ವಯಂಪ್ರೇರಿತ ಸಮಮಿತಿ ಭಂಗ. ಶೂನ್ಯ ಎಂದು ನಾವು ಕರೆಯುವ ಸ್ಥಿತಿಯೇ ಹೀಗೆ ಆಯ್ಕೆ ಮಾಡಿಕೊಂಡಿರಬಹುದು ಎಂದು 1960ರ ಸುಮಾರಿಗೆ ಕಂಡವರು ಯೊಯಿಚಿರೊ ನಂಬು. ಅದಕ್ಕೆ 2008ರಲ್ಲಿ ನೊಬೆಲ್ ಬಂತು. ಸಾಕ್ಷಿ ಏನು? ಇಂಥ ಆಯ್ಕೆ ನಡೆದ ಕಡೆ ದ್ರವ್ಯರಾಶಿಯಿಲ್ಲದ ಕಣಗಳು ಹುಟ್ಟಬೇಕು ಎಂದು ಗೋಲ್ಡ್‌ಸ್ಟೋನ್ ತೋರಿಸಿದರು. ಎಡ ಬಲ ಕ್ವಾರ್ಕ್‌ಗಳ ಸಮಮಿತಿ ಹೀಗೆ ಮುರಿದಾಗ ಹುಟ್ಟುವ ಪಯಾನ್‌ಗಳು ಅವೇ. ಪ್ರೋಟಾನ್ 938 ಎಂಇವಿ ತೂಗಿದರೆ ಪಯಾನ್ ಬರೀ 135ರಿಂದ 140. ಪೂರ್ತಿ ಸೊನ್ನೆ ಯಾಕಲ್ಲ? ಕ್ವಾರ್ಕ್‌ಗಳಿಗೆ ಚೂರು ದ್ರವ್ಯರಾಶಿ ಇರುವುದರಿಂದ ಸಮಮಿತಿ ನಿಯಮದಲ್ಲೇ ಸ್ವಲ್ಪ ಊನ. ಒಂದೇ ಕಣದಲ್ಲಿ ಮೊದಲ ಎರಡು ದಾರಿಗಳೂ ಸಿಕ್ಕವು.

3. ಮೂರನೆಯ ದಾರಿಗೆ ಪಯಾನ್‌ನಿಂದಲೇ ಹೋಗಿ

ವಿದ್ಯುದಂಶವಿಲ್ಲದ ಪಯಾನ್ ಸುಮಾರು 8.4 × 10⁻¹⁷ ಸೆಕೆಂಡಿನಲ್ಲಿ ಎರಡು ಫೋಟಾನ್‌ಗಳಾಗಿ ಒಡೆಯುತ್ತದೆ. 1949ರಲ್ಲೇ ಜ್ಯಾಕ್ ಸ್ಟೈನ್‌ಬರ್ಗರ್ ಒಂದು ತ್ರಿಕೋನಾಕಾರದ ಕಣಸುತ್ತು ಹಾಕಿ ಲೆಕ್ಕ ಮಾಡಿದಾಗ ಉತ್ತರ ಪ್ರಯೋಗಕ್ಕೆ ಹತ್ತಿರವೇ ಬಂದಿತ್ತು. ಆದರೆ 1967ರಲ್ಲಿ ಸದರ್ಲೆಂಡ್ ಮತ್ತು ವೆಲ್ಟ್‌ಮನ್, ಎಡ ಬಲ ಕ್ವಾರ್ಕ್‌ಗಳ ಸಮಮಿತಿಯನ್ನು ನಂಬಿದರೆ ಈ ಒಡೆತ ಹೆಚ್ಚುಕಡಿಮೆ ನಡೆಯಲೇಬಾರದು ಎಂದು ತೋರಿಸಿದರು. ಕಣವೋ ಒಡೆಯುತ್ತಲೇ ಇತ್ತು. 1969ರಲ್ಲಿ ಸ್ಟೀಫನ್ ಆಡ್ಲರ್ ಒಂದು ಕಡೆ, ಜಾನ್ ಬೆಲ್ ಮತ್ತು ರೋಮನ್ ಜಾಕಿವ್ ಇನ್ನೊಂದು ಕಡೆ ಗಂಟು ಬಿಡಿಸಿದರು. ಸಮೀಕರಣದಲ್ಲಿರುವ ಆ ಸಮಮಿತಿ ಕ್ವಾಂಟಂ ತ್ರಿಕೋನದಲ್ಲಿ ಉಳಿಯುವುದೇ ಇಲ್ಲ. ವಿದ್ಯುದಂಶದ ಸಂರಕ್ಷಣೆ ಬೇಕು ಎಂದರೆ ಇದನ್ನು ಬಿಟ್ಟುಕೊಡಲೇಬೇಕು.

ಇಲ್ಲಿ ತರಗತಿಯಲ್ಲಿ ನಿಧಾನಿಸಿ. ಒಡೆಯುವ ವೇಗ ಕ್ವಾರ್ಕ್ ಬಣ್ಣಗಳ (ಪ್ರಬಲ ಬಲಕ್ಕೆ ವಿದ್ಯುದಂಶದಂತಿರುವ ಗುಣ) ಸಂಖ್ಯೆಯ ವರ್ಗದಂತೆ ಏರುತ್ತದೆ. ಅವೇ ವಿದ್ಯುದಂಶಗಳನ್ನಿಟ್ಟುಕೊಂಡು ಬಣ್ಣ ಒಂದೇ ಎಂದರೆ ಉತ್ತರ ಒಂಬತ್ತನೇ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಮೂರು ಎಂದರೆ ಪ್ರಯೋಗಕ್ಕೆ ಸರಿಯಾಗಿ ಕೂಡುತ್ತದೆ. ಬಿಡಿಯಾಗಿ ಯಾರ ಕಣ್ಣಿಗೂ ಬೀಳದ ಕ್ವಾರ್ಕ್ ಬಣ್ಣಗಳನ್ನು ಎಣಿಸಿಕೊಟ್ಟಿದ್ದು ಒಂದು ಅನಾಮಲಿ. ಅದನ್ನು ಸಿದ್ಧಾಂತದ ದೋಷವೆಂದು ಕರೆಯುವ ಅಭ್ಯಾಸ ನನಗೆ ಸರಿಕಾಣದು.

4. ದೀಪ ಸರಿಸುವ ಲೆಕ್ಕ

ಯಾಕೆ ಉಳಿಯುವುದಿಲ್ಲ ಎಂಬ ಪ್ರಶ್ನೆಗೆ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯ ನೆರವು ಪಡೆಯುತ್ತೇನೆ. ಇದೂ ಕೆ.ಆರ್. ಪೇಟೆ ತಾಲ್ಲೂಕಿನದೇ, ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿವೆ. ಒಂದೊಂದರಲ್ಲೂ ಒಂದು ದೀಪ ಉರಿಯುತ್ತಿದೆ ಎಂದುಕೊಳ್ಳಿ. ಎಲ್ಲ ದೀಪಗಳನ್ನೂ ಏಕಕಾಲಕ್ಕೆ ಉತ್ತರಕ್ಕೆ ಒಂದೊಂದು ಮನೆ ಸರಿಸಿ. ಉತ್ತರದ ಕೊನೆಯ ದೀಪ ಗುಡಿಯಾಚೆ ಬರುತ್ತದೆ, ದಕ್ಷಿಣದ ಕೊನೆಯ ಗರ್ಭಗುಡಿ ಕತ್ತಲಾಗುತ್ತದೆ. ಲೆಕ್ಕ ಸರಿ.

ಈಗ ಸಾಲಿಗೆ ದಕ್ಷಿಣದಲ್ಲಿ ಕೊನೆಯೇ ಇಲ್ಲ ಎನ್ನಿ. ಸರಿಸಿದಾಗ ಉತ್ತರದಲ್ಲಿ ಒಂದು ದೀಪ ಹೆಚ್ಚಾಯಿತು. ಎಲ್ಲಿ ಕತ್ತಲಾಯಿತು? ಎಲ್ಲೂ ಇಲ್ಲ. ತರಗತಿಯಲ್ಲಿ ಗದ್ದಲವಾಗುತ್ತದೆ, ಆಗಲಿ ಬಿಡಿ.

ಕ್ವಾಂಟಂ ಕ್ಷೇತ್ರದಲ್ಲಿ ದ್ರವ್ಯರಾಶಿಯಿಲ್ಲದ ಕಣಗಳಿಗೆ ಇಂಥ ಸಾಲು ನಿಜವಾಗಿ ಇದೆ. ಡಿರಾಕ್ ಹೇಳಿದ, ಋಣ ಶಕ್ತಿಯ ತುಂಬಿದ ಮಟ್ಟಗಳ ತಳವಿಲ್ಲದ ಸಾಲು ಅದು. ಒಂದೇ ಗೆರೆಯ ಮೇಲೆ ಓಡುವ ಕಣಗಳನ್ನು ತೆಗೆದುಕೊಂಡರೆ ಸಾಲು ಎರಡು: ಬಲಕ್ಕೆ ಓಡುವವು, ಎಡಕ್ಕೆ ಓಡುವವು. ಎರಡರ ಎಣಿಕೆಯೂ ಬೇರೆ ಬೇರೆಯಾಗಿ ಉಳಿಯಬೇಕು ಎನ್ನುತ್ತದೆ ಹಳೆಯ ಸಮಮಿತಿ. ವಿದ್ಯುತ್ ಕ್ಷೇತ್ರ ಬಲದ ಸಾಲನ್ನು ಒಂದು ಮೆಟ್ಟಿಲು ಮೇಲೆತ್ತುತ್ತದೆ, ಎಡದ್ದನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಬಲದಲ್ಲಿ ಒಂದು ಹೆಚ್ಚು, ಎಡದಲ್ಲಿ ಒಂದು ಕಡಿಮೆ. ಒಟ್ಟು ವಿದ್ಯುದಂಶ ಹಾಗೇ ಇದೆ, ಎರಡರ ವ್ಯತ್ಯಾಸ ಮಾತ್ರ 2ರಷ್ಟು ಬದಲಾಯಿತು. ಇದೇ ಕೈರಲ್ ಅನಾಮಲಿ. ತಳವನ್ನು ಕತ್ತರಿಸಿ ಲೆಕ್ಕ ಸರಿಮಾಡೋಣ ಎಂದರೆ ಎರಡು ಸಾಲುಗಳನ್ನೂ ತಳದಲ್ಲಿ ಜೋಡಿಸಲೇಬೇಕಾಗುತ್ತದೆ. ಎಡದಲ್ಲಿ ಮುಳುಗಿದ್ದು ಬಲದಲ್ಲಿ ಏಳುತ್ತದೆ. ಎಡ ಬಲ ಬೇರೆ ಎಂಬ ಮಾತು ಅಲ್ಲಿಗೂ ನಿಲ್ಲುವುದಿಲ್ಲ.

ಹರಳಿನ ಒಳಗೂ ಇದನ್ನು ಕಾಣಬಹುದು ಎಂದು ನೀಲ್ಸನ್ ಮತ್ತು ನಿನೊಮಿಯಾ 1983ರಲ್ಲಿ ಬರೆದರು. 2015ರಲ್ಲಿ ಪ್ರಿನ್ಸ್‌ಟನ್‌ನ ತಂಡವೊಂದು ಸೋಡಿಯಂ ಬಿಸ್ಮತ್ ಹರಳಿನಲ್ಲಿ ಕಾಂತಕ್ಷೇತ್ರವನ್ನು ವಿದ್ಯುತ್ತಿನ ದಿಕ್ಕಿಗೇ ಇಟ್ಟಾಗ ರೋಧ ಕುಸಿಯುವುದನ್ನು ಅಳೆಯಿತು. ಕಣಭೌತಶಾಸ್ತ್ರ ದೊಡ್ಡ ಯಂತ್ರದವರಿಗೆ ಮಾತ್ರ ಎನ್ನುವ ವಿದ್ಯಾರ್ಥಿಗೆ ಈ ಸುದ್ದಿ ಮುಟ್ಟಿಸಲೇಬೇಕು.

5. ಭಿನ್ನರಾಶಿ ಕೂಡಿಸಲು ಬರುವವರೆಲ್ಲರಿಗೂ ಈ ಲೆಕ್ಕ ಕೊಡಿ

ಪಯಾನ್‌ನ ಸಮಮಿತಿ ಹೋದರೆ ಸಿದ್ಧಾಂತಕ್ಕೆ ನಷ್ಟವಿಲ್ಲ. ಬಲಗಳನ್ನೇ ಕಟ್ಟಿಕೊಡುವ ಗೇಜ್ ಸಮಮಿತಿಯಲ್ಲಿ ಅನಾಮಲಿ ಬಂದರೆ ಸಿದ್ಧಾಂತವೇ ನಿಲ್ಲದು. ಹಾಗಾದರೆ ನಮ್ಮ ಜಗತ್ತು ಹೇಗೆ ನಿಂತಿದೆ? ಕಪ್ಪುಹಲಗೆಯ ಮೇಲೆ ಬರೆಯಿರಿ: ಅಪ್ ಕ್ವಾರ್ಕ್ +2/3, ಡೌನ್ ಕ್ವಾರ್ಕ್ −1/3, ಎಲೆಕ್ಟ್ರಾನ್ −1, ನ್ಯೂಟ್ರಿನೊ 0. ಈ ನಾಲ್ಕೂ ಸೇರಿ ಒಂದು ಕುಟುಂಬ; ಕ್ವಾರ್ಕ್‌ಗಳಿಗೆ ಬಣ್ಣ ಮೂರು. 3 × (2/3 − 1/3) = 1. ಅದಕ್ಕೆ −1 ಕೂಡಿಸಿ. ಸೊನ್ನೆ.

ಚುರುಕಾದವರಿಗೆ ಹೈಪರ್‌ಚಾರ್ಜ್‌ಗಳ ಘನಗಳನ್ನು ಕೊಡುತ್ತೇನೆ: 1/36 − 8/9 + 1/9 − 1/4 + 1. ಛೇದವನ್ನು 36 ಮಾಡಿ ಕೂಡಿಸಿದರೆ ಇದೂ ಸೊನ್ನೆ. ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ವಿದ್ಯುದಂಶ ಯಾಕೆ ಅಷ್ಟು ಸರಿಯಾಗಿ ಸಮ ಎಂದು ಒಂಬತ್ತನೇ ತರಗತಿಯಿಂದ ಕೇಳಿಕೊಂಡು ಬಂದ ಪ್ರಶ್ನೆಯ ಬುಡ ಇಲ್ಲಿದೆ. 1972ರಲ್ಲಿ ಬೂಷಿಯಾ, ಇಲಿಯೊಪೊಲೊಸ್, ಮೇಯರ್ ಈ ಲೆಕ್ಕವನ್ನು ಮುಂದಿಟ್ಟರು. 1977ರಲ್ಲಿ ಬಾಟಮ್ ಕ್ವಾರ್ಕ್ ಸಿಕ್ಕಾಗ, ಜೊತೆಗಾರ ಇದ್ದೇ ಇರಬೇಕು ಎಂದು ನಂಬಲು ಇದೂ ಒಂದು ಬಲವಾದ ಕಾರಣವಾಗಿತ್ತು. ಟಾಪ್ ಕ್ವಾರ್ಕ್ ಫರ್ಮಿಲ್ಯಾಬ್‌ನಲ್ಲಿ ಸಿಕ್ಕಿದ್ದು 1995ರಲ್ಲಿ.

6. ತೂಕವೆಲ್ಲ ಹಿಗ್ಸ್ ಕೊಟ್ಟದ್ದು ಎಂಬ ಮಾತನ್ನು ತಿದ್ದಿ

ಒಂದು ಕೆ.ಜಿ. ಅಚ್ಚುಬೆಲ್ಲದಲ್ಲಿ ಹಿಗ್ಸ್ ಕ್ಷೇತ್ರದಿಂದ ಬಂದ ತೂಕ ಹತ್ತು ಗ್ರಾಂ ಆಸುಪಾಸು. ಪ್ರೋಟಾನ್‌ನ 938 ಎಂಇವಿಯಲ್ಲಿ ಎರಡು ಅಪ್, ಒಂದು ಡೌನ್ ಕ್ವಾರ್ಕ್‌ಗಳ ದ್ರವ್ಯರಾಶಿ ಸೇರಿ 9ರಷ್ಟು ಮಾತ್ರ. ಕ್ವಾರ್ಕ್‌ಗಳಿಗೆ ದ್ರವ್ಯರಾಶಿಯೇ ಇಲ್ಲವೆಂದುಕೊಂಡರೆ ಪ್ರಬಲ ಬಲದ ಸಮೀಕರಣದಲ್ಲಿ ಹಿರಿದು ಕಿರಿದೆಂಬ ಅಳತೆಯೇ ಇಲ್ಲ. ಕ್ವಾಂಟಂ ಲೆಕ್ಕದಲ್ಲಿ ಬಲದ ಗಾತ್ರ ದೂರದ ಜೊತೆ ಬದಲಾಗುತ್ತದೆ. ಇದನ್ನು 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ಕಂಡರು. ಅಲ್ಲಿಂದ ಒಂದು ಅಳತೆ ಹುಟ್ಟಿತು, ಅಳತೆಯ ಸಮಮಿತಿ ಹೋಯಿತು. ಇದೂ ಅನಾಮಲಿಯೇ. ಬೆಲ್ಲದ ಉಳಿದ ತೂಕವೆಲ್ಲ ಅದರ ಬೆನ್ನ ಮೇಲಿದೆ.

7. ಕೋಲಾರದ ಗಣಿಯ ಕಥೆ ಹೇಳಿ, ಎರಡು ದಾರಿಗಳನ್ನು ಬೆರೆಸದೆ

ಸಮಮಿತಿ ಮುರಿಯುತ್ತದೆಯೇ ಎಂದು ನೆಲದಡಿ ಕಾದು ಕುಳಿತ ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆಯಿತು ಎಂದರೆ ಮಕ್ಕಳು ಬೆರಗಾಗುತ್ತಾರೆ. ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರ ಚಿನ್ನದ ಗಣಿಗಿಳಿದು ವಿಶ್ವಕಿರಣ ಅಳೆದರು. 1965ರಲ್ಲಿ ಅಲ್ಲೇ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. 1980ರಲ್ಲಿ, 2.3 ಕಿ.ಮೀ. ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು 140 ಟನ್ನಿನ ಕಬ್ಬಿಣದ ಶೋಧಕವಿಟ್ಟು ಪ್ರೋಟಾನ್ ಸಾಯುತ್ತದೆಯೇ ಎಂದು ನೋಡತೊಡಗಿದರು. ಅನುಮಾನಾಸ್ಪದ ಕೆಲವು ಘಟನೆಗಳು ಕಂಡವು. ಆಮೇಲೆ ಬಂದ ದೊಡ್ಡ ಶೋಧಕಗಳು ಅದನ್ನು ದೃಢಪಡಿಸಲಿಲ್ಲ. ಇಂದು ಜಪಾನಿನ ಸೂಪರ್ ಕಾಮಿಯೊಕಾಂಡೆಯ ಪ್ರಕಾರ ಪ್ರೋಟಾನ್‌ನ ಆಯಸ್ಸು 10³⁴ ವರ್ಷಕ್ಕೂ ಹೆಚ್ಚು.

ಕೋಲಾರದಲ್ಲಿ ಹುಡುಕಿದ್ದು ಮೊದಲ ದಾರಿ: ಮಹಾ ಏಕೀಕರಣದ ಹೊಸ ಬಲಗಳು ಬ್ಯಾರಿಯಾನ್ ಸಂಖ್ಯೆಯನ್ನು (ಪ್ರೋಟಾನ್, ನ್ಯೂಟ್ರಾನ್‌ನಂಥವುಗಳ ಎಣಿಕೆಯನ್ನು) ನಿಯಮದಲ್ಲೇ ಮುರಿಯುವುದು. ಯಾವ ಹೊಸ ಬಲವೂ ಬೇಡ, ಈಗಿರುವ ಸಿದ್ಧಾಂತದ ಅನಾಮಲಿಯೇ ಆ ಸಂಖ್ಯೆಯನ್ನು ಬದಲಿಸಬಲ್ಲದು ಎಂದು 1976ರಲ್ಲಿ ತೋರಿಸಿದವರು ಹೆರಾರ್ಡ್ ಟಹೂಫ್ಟ್. ತಣ್ಣಗಿನ ಜಗತ್ತಿನಲ್ಲಿ ಅದರ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದಿಯ ಬಿಸಿ ಬ್ರಹ್ಮಾಂಡದಲ್ಲಿ ಧಾರಾಳ. ಪ್ರತಿವಸ್ತುವಿಗಿಂತ ವಸ್ತು ಯಾಕೆ ಹೆಚ್ಚು ಉಳಿಯಿತು ಎಂದು ಹುಡುಕುವವರು ಇದನ್ನು ಬಿಟ್ಟು ಹೋಗಲಾರರು.

"ಹಾಗಾದ್ರೆ ಸಾರ್, ಅನಾಮಲಿಯಿಂದ ಪ್ರೋಟಾನ್ ಸಾಯಲ್ವಾ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಉತ್ತರ ಐದನೇ ಪಾಠದ ಕುಟುಂಬಗಳಲ್ಲಿದೆ. ಕುಟುಂಬಗಳು ಮೂರು, ಅನಾಮಲಿ ಒಂದೊಂದರಿಂದಲೂ ಒಂದೊಂದು ಪಾಲು ತೆಗೆದುಕೊಳ್ಳುತ್ತದೆ. ಹಾಗಾಗಿ ಒಂಬತ್ತು ಕ್ವಾರ್ಕ್, ಮೂರು ಲೆಪ್ಟಾನ್ (ಎಲೆಕ್ಟ್ರಾನ್, ನ್ಯೂಟ್ರಿನೊಗಳ ಬಗೆಯವು) ಒಟ್ಟಿಗೇ ಪಾಲ್ಗೊಳ್ಳಬೇಕು; ಬ್ಯಾರಿಯಾನ್ ಸಂಖ್ಯೆ ಬದಲಾಗುವುದು ಮೂರರ ಗುಂಪಿನಲ್ಲೇ. ಒಂಟಿ ಪ್ರೋಟಾನ್‌ಗೆ ಆ ದಾರಿ ಮುಚ್ಚಿದೆ.